ಆರು ವಾರದ ಸಕ್ಕರೆ ಕಾಯಿಲೆ ತರಗತಿ: ಹೋಗಿ ಬಂದವಳ ಅನಿಸಿಕೆ

ಐದಕ್ಕೆ ನಾಲ್ಕೂವರೆ ಅಂಕ. ಆ ಅರ್ಧ ಅಂಕ ಯಾಕೆ ಕಡಿಮೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ನಾನು ಈ ತರಗತಿಗೆ ಯಾಕೆ ಸೇರಿದೆ ಅನ್ನುವುದು ಮೊದಲು ಗೊತ್ತಾಗಬೇಕು.

ನಾನು ಹೊಲಿಗೆ ಕೆಲಸದವಳು. ವಯಸ್ಸು 47. ಹೋದ ವರ್ಷ ಸೂಜಿಗೆ ದಾರ ಪೋಣಿಸಲು ಕಷ್ಟ ಆಗತೊಡಗಿತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಕಣ್ಣು ತೋರಿಸಿದೆ. ಹೊಸ ಕನ್ನಡಕ ಬಂತು. ಮೂರು ವಾರಕ್ಕೆ ಅದೂ ಸರಿ ಕಾಣಲಿಲ್ಲ. ಮತ್ತೆ ಹೋದೆ. ನಂಬರ್ ಮತ್ತೆ ಬೇರೆ ಬಂತು. "ಇಷ್ಟು ಬೇಗ ಹೀಗೆ ಬದಲಾಗಬಾರದು, ಒಮ್ಮೆ ಶುಗರ್ ಚೆಕ್ ಮಾಡಿಸಿ" ಅಂದರು. ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 188. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.9.

ರಿಪೋರ್ಟ್ ತೋರಿಸಿದ ಜಾಗದಲ್ಲಿ ನನಗೆ ಸಿಕ್ಕಿದ್ದು ಎರಡು ನಿಮಿಷ. ಒಂದು ಮಾತ್ರೆಯ ಚೀಟಿ, ಜೊತೆಗೆ "ಸಿಹಿ ಬಿಡಿ, ವಾಕಿಂಗ್ ಮಾಡಿ" ಅನ್ನುವ ಮಾತು. ಯಾವ ಥರದ ಡಯಾಬಿಟಿಸ್ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕು ಅಂತ ನನಗೆ ಹೊಳೆಯಬೇಕಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಇದು ಮೊದಲನೆಯದಲ್ಲ.

ನಮ್ಮ ಅಣ್ಣನ ಮಗಳಿಗೆ ಈಗ 12 ವರ್ಷ. ಒಂಬತ್ತು ತುಂಬಿದ ವರ್ಷ ಅವಳು ಇದ್ದಕ್ಕಿದ್ದ ಹಾಗೆ ಸೊರಗಿದಳು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಎಂದೋ ಬಿಟ್ಟುಹೋಗಿದ್ದ ಅಭ್ಯಾಸ, ರಾತ್ರಿ ಹಾಸಿಗೆ ಒದ್ದೆ ಮಾಡುವುದು, ಮತ್ತೆ ಶುರುವಾಯಿತು. ನಾವೆಲ್ಲ ಬೇಸಿಗೆ ಅಂದುಕೊಂಡೆವು. ಒಂದು ದಿನ ವಾಂತಿ. ಸಂಜೆ ಹೊತ್ತಿಗೆ ಓಡಿ ಬಂದವರ ಥರ ಏದುಸಿರು. ಬಾಯಿ ಹತ್ತಿರ ಹೋದರೆ ಹಣ್ಣು ಕೊಳೆತಂಥ ವಾಸನೆ. ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಶುಗರ್ 500 ದಾಟಿತ್ತು. ಅಲ್ಲಿ ಕಾರಿಡಾರಿನಲ್ಲಿ ಯಾರೋ ಕೇಳಿದರು, "ಮಗು ಜಾಸ್ತಿ ಸಿಹಿ ತಿಂತಿತ್ತಾ?"

ನನ್ನ ಅಂಗಡಿಯಲ್ಲಿ, ಕತ್ತರಿ ಇಡುವ ಡ್ರಾಯರಿನ ಪಕ್ಕ, ಒಂದು ಚಾಕೊಲೇಟ್ ಡಬ್ಬಿ ಇರುತ್ತಿತ್ತು. ಅವಳಿಗೋಸ್ಕರವೇ ಇಟ್ಟಿದ್ದು. ಸ್ಕೂಲಿಂದ ಬರುವಾಗ ದಿನಾ ಒಂದು. ಆ ಪ್ರಶ್ನೆ ಕೇಳಿಸಿಕೊಂಡ ದಿನವೇ ಡಬ್ಬಿ ಎತ್ತಿಟ್ಟೆ. ಅತ್ತಿಗೆ ಯಾವತ್ತೂ ಒಂದು ಮಾತು ಆಡಲಿಲ್ಲ. ಆದರೂ ಮೂರು ವರ್ಷ ಆ ಡಬ್ಬಿ ನನ್ನ ಎದೆಯ ಮೇಲೇ ಇತ್ತು.

ನನ್ನ ಸಕ್ಕರೆ ಗೊತ್ತಾದ ಮೇಲೆ ನಾನು ಔಷಧಿ ಬದಲಾಯಿಸಲು ಬೇರೊಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ಮಾತ್ರೆ ಬದಲಿಸಲಿಲ್ಲ. "ಮೊದಲು ತರಗತಿಗೆ ಸೇರಿ" ಅಂದರು. ವಾರಕ್ಕೊಂದು ದಿನ, ಒಂದೂವರೆ ಗಂಟೆ, ಒಟ್ಟು ಆರು ವಾರ. ನಡೆಸುವವರು ಡಯಾಬಿಟಿಸ್ ವಿಷಯದಲ್ಲೇ ತರಬೇತಿ ಪಡೆದ ಒಬ್ಬ ನರ್ಸ್. ನಾವೆಲ್ಲ ಸಿಸ್ಟರ್ ಅಂತಲೇ ಕರೆದೆವು. ನಮ್ಮ ಬ್ಯಾಚಿನಲ್ಲಿ ಹನ್ನೊಂದು ಜನ.

ಮೊದಲ ದಿನ ಸಿಸ್ಟರ್ ಒಂದು ಬಕೆಟ್ ತಂದಿಟ್ಟರು. ಐದು ಲೀಟರ್ ನೀರು ಅಳೆದು ಸುರಿದರು. "ದೊಡ್ಡವರ ಮೈಯಲ್ಲಿ ಹೆಚ್ಚುಕಡಿಮೆ ಇಷ್ಟು ರಕ್ತ ಇರುತ್ತದೆ. ಇದರಲ್ಲಿ ಎಷ್ಟು ಸಕ್ಕರೆ ಇರಬೇಕು, ಹೇಳಿ" ಅಂದರು. ಒಬ್ಬರು ಅರ್ಧ ಲೋಟ ಅಂದರು. ನಾನು ಒಂದು ಹಿಡಿ ಅಂದೆ. ಸಿಸ್ಟರ್ ಒಂದು ಚಿಕ್ಕ ಚಮಚ ತೆಗೆದು, ಅದರ ತುಂಬ ಸಕ್ಕರೆ ತುಂಬಿ, ಮೇಲೆ ಬೆರಳಿನಿಂದ ಸಮ ಮಾಡಿ, ನೀರಿಗೆ ಹಾಕಿದರು. ಅಷ್ಟೇ. ಸುಮಾರು ಐದು ಗ್ರಾಂ. ಇಡೀ ಮೈಯ ರಕ್ತಕ್ಕೆ ಒಂದು ಚಮಚ.

ಲೆಕ್ಕ ಸುಲಭ. ನಮ್ಮ ರಿಪೋರ್ಟಿನಲ್ಲಿ 100 ಅಂತ ಬಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಅಂತ ಅರ್ಥ. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಭಾಗ. ಹಾಗಾದರೆ ಲೀಟರಿಗೆ ಒಂದು ಗ್ರಾಂ, ಐದು ಲೀಟರಿಗೆ ಐದು ಗ್ರಾಂ. 200 ಬಂದರೆ ಎರಡು ಚಮಚ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಡಯಾಬಿಟಿಸ್ ಮಟ್ಟ. ಅಂದರೆ ಒಂದು ಚಮಚದ ಜಾಗದಲ್ಲಿ ಒಂದೂಕಾಲು. ನನ್ನ 188 ಎರಡು ಚಮಚದ ಹತ್ತಿರ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಕಣ್ಣಿನ ಮಸೂರವೇ ಊದಿಕೊಂಡು ನನ್ನ ಕನ್ನಡಕದ ನಂಬರ್ ಓಡಾಡಿತ್ತು. ಬಕೆಟ್ ನೋಡುತ್ತಾ ಕೂತಿದ್ದಾಗ ನನಗೆ ಮೊದಲ ಸಲ ಈ ಕಾಯಿಲೆಯ ಬಗ್ಗೆ ಹೆದರಿಕೆಗಿಂತ ಕುತೂಹಲ ಜಾಸ್ತಿ ಆಯಿತು.

ಆ ಒಂದು ಚಮಚವನ್ನು ಹಗಲೂ ರಾತ್ರಿ ಒಂದೇ ಮಟ್ಟದಲ್ಲಿ ಕಾಯುವುದು ಮೈಗೆ ಎಷ್ಟು ನಾಜೂಕಿನ ಕೆಲಸ ನೋಡಿ. ಊಟ ಮಾಡಿದಾಗ ಬಂದು ಬೀಳುವ ಸಕ್ಕರೆಯನ್ನು ಇನ್ಸುಲಿನ್ ಅನ್ನುವ ಹಾರ್ಮೋನು ಸ್ನಾಯು, ಕೊಬ್ಬು, ಲಿವರ್‌ಗೆ ಸೇರಿಸುತ್ತದೆ. ಊಟ ಇಲ್ಲದ ಹೊತ್ತಿನಲ್ಲಿ ಲಿವರ್ ತಾನೇ ಸ್ವಲ್ಪ ಸ್ವಲ್ಪ ಬಿಡುತ್ತದೆ. ಇನ್ಸುಲಿನ್ ತಯಾರಾಗುವುದು ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ. ಅಲ್ಲಿ ಬೀಟಾ ಕೋಶ ಅನ್ನುವ ಕೋಶಗಳಿವೆ. ಈ ಗ್ರಂಥಿಗೂ ಸಕ್ಕರೆಗೂ ಸಂಬಂಧ ಇದೆ ಅಂತ ಖಚಿತವಾಗಿದ್ದು 1889ರಲ್ಲಿ. ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಅನ್ನುವ ಇಬ್ಬರು ಒಂದು ನಾಯಿಯ ಗ್ರಂಥಿ ತೆಗೆದರು. ಆ ನಾಯಿಗೆ ಡಯಾಬಿಟಿಸ್ ಬಂತು. ಇದನ್ನೆಲ್ಲ ಸಿಸ್ಟರ್ ಕಥೆ ಥರ ಹೇಳುತ್ತಿದ್ದರು. ನನಗೆ ಈ ಕಥೆಗಳು ತುಂಬಾ ಇಷ್ಟ ಆದವು.

ಎರಡನೇ ವಾರದ ತರಗತಿಗೋಸ್ಕರವೇ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ.

ಆ ದಿನದ ವಿಷಯ ಟೈಪ್ 1 ಡಯಾಬಿಟಿಸ್. ಅಂದರೆ ಅಣ್ಣನ ಮಗಳದು. ಸಿಸ್ಟರ್ ಹೇಳಿದ್ದು ಇಷ್ಟು. ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಒಂದು ವ್ಯವಸ್ಥೆ ಇದೆ. ಕೆಲವರಲ್ಲಿ ಅದು ತಪ್ಪಿ ತನ್ನದೇ ಬೀಟಾ ಕೋಶಗಳನ್ನು ಶತ್ರು ಅಂತ ತಿಳಿದು ಕೊಲ್ಲತೊಡಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ. ತಿಂಗಳು, ವರ್ಷಗಟ್ಟಲೆ ಒಳಗೊಳಗೇ ನಡೆಯುತ್ತದೆ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಬಹಳಷ್ಟು ಕೋಶ ಹೋಗಿಯೇ ಬಿಟ್ಟಿರುತ್ತವೆ. ಕೆಲವು ಜೀನ್‌ಗಳಿಂದ ಈ ಸಾಧ್ಯತೆ ಹೆಚ್ಚುತ್ತದೆ. ಕೆಲವು ವೈರಸ್ ಸೋಂಕುಗಳು ಇದಕ್ಕೆ ಕಿಡಿ ಹಚ್ಚಬಹುದು ಅಂತ ಸಂಶೋಧಕರು ಅನುಮಾನ ಪಡುತ್ತಾರೆ. ಆದರೆ ಜೀನ್ ಒಂದೇ ಕಾರಣ ಅಲ್ಲ. ಒಂದೇ ಜೀನಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅಂತೇನಿಲ್ಲ. ಟೈಪ್ 1 ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ.

ನಾನು ಕೈ ಎತ್ತಿದೆ. ಗಂಟಲು ಒಣಗಿತ್ತು. "ಸಿಸ್ಟರ್, ಮಗುವಿಗೆ ದಿನಾ ಚಾಕೊಲೇಟ್ ಕೊಟ್ಟರೆ ಇದು ಬರುತ್ತಾ?"

"ಇಲ್ಲ" ಅಂದರು. ಸುಮ್ನೆ ಸಮಾಧಾನಕ್ಕೆ ಹೇಳಿದ ಹಾಗಿರಲಿಲ್ಲ. ನನ್ನ ಕುರ್ಚಿ ಹತ್ತಿರ ಬಂದು ನಿಂತರು. "ಸಿಹಿ ತಿಂದರೆ ಟೈಪ್ 1 ಬರೋದಿಲ್ಲ. ನೀವು ಕೊಟ್ಟಿದ್ದರಿಂದ ಬಂದಿಲ್ಲ. ನೀವು ಕೊಡದೇ ಇದ್ದರೂ ಬರೋದು ತಪ್ತಿರಲಿಲ್ಲ. ಆ ದಾಳಿ ಒಳಗೆ ಯಾವತ್ತೋ ಶುರುವಾಗಿರುತ್ತೆ." ಆಮೇಲೆ ಮೆಲ್ಲಗೆ ಕೇಳಿದರು, "ಯಾರಿಗಮ್ಮ ಮನೇಲಿ?"

ನಾನು ಉತ್ತರ ಹೇಳಲು ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರು ತಮ್ಮ ನೀರಿನ ಬಾಟಲಿ ಕೊಟ್ಟರು.

ಅವತ್ತು ರಾತ್ರಿಯೇ ಅತ್ತಿಗೆಗೆ ಫೋನ್ ಮಾಡಿ ಡಬ್ಬಿಯ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತಿಗೆ ಅಂದರು, "ನಾನು ಅವಳಿಗೆ ಎದೆಹಾಲು ಬೇಗ ಬಿಡಿಸಿದ್ದೆ. ಅದಕ್ಕೇ ಬಂತು ಅಂತ ನಾನು ಇಷ್ಟು ದಿನ ಅಂದ್ಕೊಂಡಿದ್ದೆ." ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಮೂರು ವರ್ಷ, ಒಬ್ಬರಿಗೊಬ್ಬರು ಹೇಳದೆ, ತಾವೇ ತಪ್ಪು ಮಾಡಿದ್ದು ಅಂತ ಬದುಕಿದ್ದೆವು. ಒಂದು ತರಗತಿಗೆ ನಾನು ನಾಲ್ಕೂವರೆ ಅಂಕ ಯಾಕೆ ಕೊಡುತ್ತೇನೆ ಅಂತ ಕೇಳಿದರೆ ಇದೇ ಉತ್ತರ.

ಇನ್ನೊಂದು ತಪ್ಪು ನನ್ನದು ನಿಜವಾಗಿಯೂ ಇತ್ತು. ಅದನ್ನೂ ಬರೆಯಬೇಕು. "ದಿನಾ ಓಡಾಡು, ಆಟ ಆಡು, ಇಂಜೆಕ್ಷನ್ ತಾನಾಗೇ ನಿಲ್ಲುತ್ತೆ" ಅಂತ ಆ ಮಗುವಿಗೆ ಎಷ್ಟೋ ಸಲ ಹೇಳಿದ್ದೆ. ಅವಳು ಸುಮ್ಮನೆ ತಲೆ ತಗ್ಗಿಸುತ್ತಿದ್ದಳು. ಅವಳ ಮೈ ಇನ್ಸುಲಿನ್ ಮಾಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅವಳಿಗೆ ಅದು ಔಷಧಿಗಿಂತ ಹೆಚ್ಚಾಗಿ ಉಸಿರಿನ ಥರ. ನಿಲ್ಲಿಸಿದರೆ ಮೈ ಸಕ್ಕರೆ ಬಳಸಲಾಗದೆ ಕೊಬ್ಬನ್ನು ಕರಗಿಸತೊಡಗುತ್ತದೆ. ಕೀಟೋನ್ ಅನ್ನುವ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಅವತ್ತಿನ ವಾಂತಿ, ಏದುಸಿರು, ಆ ವಾಸನೆ ಎಲ್ಲ ಅದೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರಂತೆ. ಅದಕ್ಕೂ ಮೊದಲು ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಆ ಹುಡುಗ ಇನ್ನೂ 13 ವರ್ಷ ಬದುಕಿದ. ಇದನ್ನು ಕೇಳಿದ ಮೇಲೆ ಅವಳ ಪೆನ್ನು, ಸೂಜಿ ನೋಡಿದರೆ ನನಗೆ ಅಯ್ಯೋ ಅನ್ನಿಸುವುದಿಲ್ಲ.

ಮೂರನೇ ವಾರ ಟೈಪ್ 2. ಅಂದರೆ ನನ್ನದು. ಜಗತ್ತಿನಲ್ಲಿ ಡಯಾಬಿಟಿಸ್ ಇರುವ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಇದೇ ಇರುವುದು. ಬೀಗ ಮತ್ತು ಕೀಲಿಯ ಉದಾಹರಣೆ ನೀವೂ ಕೇಳಿರುತ್ತೀರಿ. ಇನ್ಸುಲಿನ್ ಕೀಲಿ, ಕೋಶದ ಬಾಗಿಲಿಗೆ ಬೀಗ, ಟೈಪ್ 2ರಲ್ಲಿ ಬೀಗ ಬಿಗಿಯಾಗಿದೆ ಅನ್ನುವುದು. ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಾರೆ. ಸಿಸ್ಟರ್ ಮುಂದಕ್ಕೆ ಹೋದರು. ಬೀಗ ಬಿಗಿಯಾದರೆ ಮೈ ಏನು ಮಾಡುತ್ತದೆ? ಇನ್ನಷ್ಟು ಕೀಲಿ ಮಾಡುತ್ತದೆ. ವರ್ಷಗಟ್ಟಲೆ ಬೀಟಾ ಕೋಶಗಳು ದುಪ್ಪಟ್ಟು ದುಡಿಯುತ್ತವೆ. ಅಷ್ಟು ದಿನ ರಿಪೋರ್ಟು ಚೆನ್ನಾಗಿಯೇ ಇರುತ್ತದೆ. ಅವು ದಣಿದು ಕೈಚೆಲ್ಲಿದಾಗ ಸಕ್ಕರೆ ಏರುತ್ತದೆ. ಅಂದರೆ ಬೀಗವೂ ಕೆಟ್ಟಿದೆ, ಕೀಲಿ ಮಾಡುವವನೂ ಸೋತಿದ್ದಾನೆ. ಎರಡೂ ಸೇರಿದರೇನೇ ಟೈಪ್ 2. ದಪ್ಪ ಇರುವ ಎಲ್ಲರಿಗೂ ಇದು ಯಾಕೆ ಬರುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕೆಲವರ ಬೀಟಾ ಕೋಶಗಳು ಆ ದುಡಿತವನ್ನು ತಡೆದುಕೊಳ್ಳುತ್ತವೆ. ಕೆಲವರವು ತಡೆಯುವುದಿಲ್ಲ. ಅದರಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು.

ಟೈಪ್ 2ಕ್ಕೆ ಸೋಮಾರಿತನ ಕಾರಣ, ನಾಲಿಗೆ ಚಪಲ ಕಾರಣ ಅಂತ ಜನ ಬೈಯುತ್ತಾರಲ್ವಾ. ಆ ಮಾತು ನನಗೆ ತುಂಬಾ ನೋವು ಕೊಟ್ಟಿತ್ತು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ದುಡಿಯುವವಳು ನಾನು. ಸಿಸ್ಟರ್ ಬೋರ್ಡಿನ ಮೇಲೆ ಕಾರಣಗಳನ್ನು ಬರೆದರು. ತಂದೆ ತಾಯಿಗೆ ಇರುವುದು, ವಯಸ್ಸು, ಹೊಟ್ಟೆಯ ಸುತ್ತ ಮತ್ತು ಲಿವರಿನಲ್ಲಿ ಸೇರುವ ಕೊಬ್ಬು, ತುಂಬಾ ಹೊತ್ತು ಕೂತೇ ಇರುವುದು, ನಿದ್ದೆ ಕಡಿಮೆ, ಬಸಿರಿನಲ್ಲಿ ಸಕ್ಕರೆ ಬಂದಿದ್ದ ಇತಿಹಾಸ. ಸಿಹಿ ಪಾನೀಯಗಳನ್ನು ದಿನಾ ಕುಡಿಯುವುದು ಅಪಾಯ ಹೆಚ್ಚಿಸುತ್ತದೆ. ಆದರೆ ಸಕ್ಕರೆ ತಿಂದಿದ್ದಕ್ಕೇ ಸಕ್ಕರೆ ಕಾಯಿಲೆ ಅನ್ನುವ ನೇರ ಲೆಕ್ಕ ಸರಿಯಲ್ಲ. ದುಡಿಯುವವಳು ಹೌದು, ಆದರೆ ಕೂತು ದುಡಿಯುವವಳು. ಮೋಟಾರ್ ಹಾಕಿಸಿದ ಮೇಲೆ ಮಷೀನು ತುಳಿಯುವುದೂ ನಿಂತಿತ್ತು.

"ನಾನು ದಪ್ಪ ಇಲ್ವಲ್ಲ" ಅಂದೆ. "ಟೇಪು ನಿಮ್ಮ ಕೈಯಲ್ಲೇ ಇರುತ್ತಲ್ಲ, ಸೊಂಟ ಅಳೆದು ನೋಡಿ" ಅಂದರು. ಅಂಗಡಿಗೆ ಬಂದು ಅಳತೆ ಪುಸ್ತಕ ತೆಗೆದೆ. ನನ್ನ ಬಟ್ಟೆಗಳ ಅಳತೆಯನ್ನೂ ನಾನು ಅದರಲ್ಲೇ ಬರೆಯುತ್ತೇನೆ. ಏಳು ವರ್ಷದ ಹಿಂದೆ ಸೊಂಟ 30 ಇಂಚು. ಅವತ್ತು ಅಳೆದರೆ 35. ಭುಜ, ತೋಳು, ತೊಡೆ ಹೆಚ್ಚುಕಡಿಮೆ ಅಷ್ಟೇ ಇದ್ದವು. ತೂಕ ಏರಿದ್ದು ಐದು ಕಿಲೋ ಮಾತ್ರ. ಅಷ್ಟೂ ಹೋಗಿ ಕೂತಿದ್ದು ಒಂದೇ ಜಾಗದಲ್ಲಿ. ಹೊಟ್ಟೆಯೊಳಗಿನ ಕೊಬ್ಬೇ ಇನ್ಸುಲಿನ್ನಿಗೆ ಹೆಚ್ಚು ಅಡ್ಡ ಬರುವುದು. ಬೇರೆಯವರ ಅಳತೆ ಬದಲಾದರೆ ಕಣ್ಣಳತೆಯಲ್ಲೇ ಹೇಳುವವಳು ನಾನು. ನನ್ನ ಪುಸ್ತಕದಲ್ಲೇ ಇದ್ದ ನನ್ನ ಕಾಯಿಲೆ ನನಗೆ ಕಂಡಿರಲಿಲ್ಲ.

ಇದೇ ವಾರ ಇನ್ನೊಂದು ಒಗಟು ಬಿಡಿಸಿಕೊಂಡಿತು. ರಾತ್ರಿ ಬೇಗ ಊಟ ಮುಗಿಸಿದರೂ ನನಗೆ ಬೆಳಿಗ್ಗೆ ಸಕ್ಕರೆ ಜಾಸ್ತಿ ಬರುತ್ತಿತ್ತು. ಏನೂ ತಿನ್ನದೆ ಎಲ್ಲಿಂದ ಬಂತು? ಲಿವರಿನಿಂದ. ಬೆಳಗಿನ ಜಾವ ಮೈ ಏಳುವ ತಯಾರಿಗೆ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ಸಕ್ಕರೆ ಬಿಡಲು ಲಿವರಿಗೆ ಹೇಳುತ್ತವೆ. ಸಾಕು ನಿಲ್ಲಿಸು ಅಂತ ಹೇಳಬೇಕಾದದ್ದು ಇನ್ಸುಲಿನ್. ನನ್ನ ಲಿವರಿಗೆ ಅದರ ಮಾತು ಸರಿಯಾಗಿ ಕೇಳಿಸುವುದಿಲ್ಲ. ನಾನು ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ಲಿವರ್ ಬಿಡುವ ಸಕ್ಕರೆಯನ್ನೇ ಕಡಿಮೆ ಮಾಡುತ್ತದೆ. ಇಷ್ಟು ತಿಳಿದ ಮೇಲೆ ನಾನು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಊಟ ಆದ ಮೇಲೆ ಹದಿನೈದು ನಿಮಿಷ ನಡೆಯುವುದನ್ನೂ ಬಿಟ್ಟಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ ಸಹಾಯ ಹೆಚ್ಚು ಬೇಡದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ. ಹಾಗೆ ನಡೆದ ದಿನ, ನಡೆಯದ ದಿನ ಎರಡನ್ನೂ ನಾನೇ ಮೀಟರಿನಲ್ಲಿ ನೋಡಿದ್ದೇನೆ.

ಅಣ್ಣನನ್ನೂ ಪರೀಕ್ಷೆ ಮಾಡಿಸಲು ಹಟ ಹಿಡಿದೆ. ಖಾಲಿ ಹೊಟ್ಟೆಯಲ್ಲಿ 112 ಬಂತು. ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲು. 2002ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹೀಗೆ ಹೊಸ್ತಿಲಲ್ಲಿ ಇದ್ದವರು ತೂಕ ಸ್ವಲ್ಪ ಇಳಿಸಿ, ವಾರಕ್ಕೆ 150 ನಿಮಿಷ ಚಟುವಟಿಕೆ ಮಾಡಿದಾಗ ಡಯಾಬಿಟಿಸ್ ಬರುವುದು 58 ಶೇಕಡಾ ಕಡಿಮೆ ಆಗಿತ್ತು. ಮಾತ್ರೆಯಿಂದ ಆಗಿದ್ದು 31 ಶೇಕಡಾ. ಈ ಎರಡು ಸಂಖ್ಯೆಯನ್ನು ಅಣ್ಣನಿಗೆ ಚೀಟಿಯಲ್ಲಿ ಬರೆದು ಕೊಟ್ಟೆ. ಅಣ್ಣ ಈಗ ನನ್ನ ಜೊತೆ ನಡೆಯಲು ಬರುತ್ತಾನೆ.

ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದ. ಮೂವತ್ತೆರಡು ಮೂವತ್ತಮೂರು ಇರಬಹುದು. ತುಂಬಾ ತೆಳ್ಳಗೆ. ಒಂದು ವರ್ಷದಿಂದ ಮೂರು ಥರದ ಮಾತ್ರೆ ನುಂಗುತ್ತಿದ್ದ. ಸಕ್ಕರೆ ಇಳಿಯುತ್ತಿರಲಿಲ್ಲ. "ಪಥ್ಯ ಸರಿಯಾಗಿ ಮಾಡ್ತಿಲ್ಲ" ಅಂತ ಎಲ್ಲ ಕಡೆ ಬೈಸಿಕೊಂಡಿದ್ದ. ಹೆದರಿ ಊಟ ಅರ್ಧ ಮಾಡಿದ್ದ. ಸಿಸ್ಟರ್ ಅವನನ್ನು ತರಗತಿ ಮುಗಿದ ಮೇಲೆ ನಿಲ್ಲಿಸಿಕೊಂಡು, ಡಾಕ್ಟರ ಹತ್ತಿರ ಎರಡು ಪರೀಕ್ಷೆ ಬಗ್ಗೆ ಕೇಳು ಅಂದರು. ಒಂದು ಗ್ಯಾಡ್ ಆಂಟಿಬಾಡಿ. ಬೀಟಾ ಕೋಶದ ಮೇಲೆ ದಾಳಿ ನಡೆಯುತ್ತಿದೆಯಾ ಅಂತ ಅದು ತೋರಿಸುತ್ತದೆ. ಇನ್ನೊಂದು ಸಿ-ಪೆಪ್ಟೈಡ್. ಮೈ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. ಆಂಟಿಬಾಡಿ ಇತ್ತು. ಸಿ-ಪೆಪ್ಟೈಡ್ ಕಡಿಮೆ. ಅವನದು ಟೈಪ್ 2 ಆಗಿರಲೇ ಇಲ್ಲ. ದೊಡ್ಡವರಲ್ಲಿ ನಿಧಾನವಾಗಿ ಬರುವ ಟೈಪ್ 1ರ ಒಂದು ರೂಪ, ಲಾಡಾ ಅಂತ ಕರೆಯುತ್ತಾರೆ. ಟೈಪ್ 1 ಮಕ್ಕಳಿಗೆ ಮಾತ್ರ ಅಂತ ನಾನೂ ತಿಳಿದಿದ್ದೆ. ಅದು ಯಾವ ವಯಸ್ಸಿಗೂ ಬರಬಹುದು. ಇನ್ಸುಲಿನ್ ಶುರು ಮಾಡಿ ಎರಡು ವಾರಕ್ಕೆ ಅವನ ಮುಖದ ಕಳೆಯೇ ಬೇರೆ ಆಯಿತು. ಕೊನೆಯ ವಾರ ಹೇಳಿದ, "ಅಕ್ಕ, ಹೊಟ್ಟೆ ತುಂಬಾ ಊಟ ಮಾಡಿ ಒಂದು ವರ್ಷ ಆಗಿತ್ತು."

1936ರಲ್ಲೇ ಹೆರಾಲ್ಡ್ ಹಿಮ್ಸ್‌ವರ್ತ್ ಅನ್ನುವ ಬ್ರಿಟಿಷ್ ವೈದ್ಯರು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವವರು, ಸ್ಪಂದಿಸದವರು ಅಂತ ಎರಡು ಬಗೆ ಇದೆ ಅಂತ ತೋರಿಸಿದ್ದರು. ಅಷ್ಟು ಹಳೆಯ ವಿಷಯ. ಆದರೂ ಒಂದು ಚೀಟಿಯ ಮೇಲೆ ಬರೀ "ಶುಗರ್" ಅಂತ ಬರೆದು ಮನೆಗೆ ಕಳಿಸುತ್ತಾರೆ. ನನಗೆ ಇದು ಸಿಟ್ಟು ತರಿಸುತ್ತದೆ. ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ.

ಇನ್ನು ಆ ಅರ್ಧ ಅಂಕದ ವಿಷಯ. ನಾಲ್ಕನೇ ವಾರ ಬಸಿರಿನ ಸಕ್ಕರೆ ಮತ್ತು ಉಳಿದ ಬಗೆಗಳು. ಅವತ್ತು ತರಗತಿ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು. ಆದರೂ ಹೊತ್ತಿಗೆ ಸರಿಯಾಗಿ ಮುಗಿಸಿದರು. ನಮ್ಮ ಜೊತೆ ಏಳು ತಿಂಗಳ ಬಸುರಿ ಒಬ್ಬರಿದ್ದರು. 26ನೇ ವಾರದಲ್ಲಿ ಸಿಹಿ ನೀರು ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಪಾಪ, ಐದು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಎರಡಕ್ಕೆ ಮಾತ್ರ ಉತ್ತರ ಸಿಕ್ಕಿತು. ಕಾರಣ ಮಾತ್ರ ಸ್ಪಷ್ಟವಾಗಿ ಹೇಳಿದರು. ಮಾಸು ಬಿಡುವ ಹಾರ್ಮೋನುಗಳು ತಾಯಿಯ ಮೈಯಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಆಹಾರ ಸಿಗಲಿ ಅಂತ ಮೈ ಮಾಡಿಕೊಂಡ ಏರ್ಪಾಡು ಅದು. ಹೆಚ್ಚಿನ ತಾಯಂದಿರು ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತಾರೆ. ಕೆಲವರಿಗೆ ಆಗುವುದಿಲ್ಲ. ಹೆರಿಗೆ ಆಗಿ ಮಾಸು ಹೋದ ಮೇಲೆ ಸಾಮಾನ್ಯವಾಗಿ ಸಕ್ಕರೆಯೂ ಇಳಿಯುತ್ತದೆ. ಆದರೆ ಅಷ್ಟಕ್ಕೇ ಮರೆಯಬಾರದು. ಹೆರಿಗೆಯಾದ 4ರಿಂದ 12 ವಾರದೊಳಗೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಆಮೇಲೂ ಆಗಾಗ ನೋಡಿಸುತ್ತಿರಬೇಕು, ಯಾಕೆಂದರೆ ಮುಂದೆ ಟೈಪ್ 2 ಬರುವ ಸಾಧ್ಯತೆ ಅವರಿಗೆ ಹೆಚ್ಚು.

ಒಂದೇ ಜೀನಿನ ದೋಷದಿಂದ ಬರುವ ಮೋಡಿ (MODY) ಅನ್ನುವ ಬಗೆ, ಮೇದೋಜೀರಕ ಊದಿಕೊಂಡು ಹಾಳಾದ ಮೇಲೆ ಬರುವುದು, ಸ್ಟೀರಾಯ್ಡ್ ಔಷಧಿಯಿಂದ ಏರುವುದು, ಇವೆಲ್ಲ ಹತ್ತು ನಿಮಿಷದಲ್ಲಿ ಓಡಿಹೋದವು. ನನಗೆ ನೀರಿನ ಬಾಟಲಿ ಕೊಟ್ಟ ಹಿರಿಯರಿಗೆ ಇದ್ದದ್ದು ಆ ಮೇದೋಜೀರಕದ ಬಗೆಯೇ. ಅವರಿಗೆ ಊಟ ಜೀರ್ಣ ಆಗಲೂ ಬೇರೆ ಮಾತ್ರೆ ಬೇಕು. ಅವರ ಪಾಲಿಗೆ ಇಡೀ ತರಗತಿಯಲ್ಲಿ ಎರಡು ವಾಕ್ಯ ಬಂತು. ಇದು ಸರಿಯಲ್ಲ. ಈ ವಾರವನ್ನು ಎರಡಾಗಿ ಮಾಡಲೇಬೇಕು. ಸಿಸ್ಟರಿಗೂ ಹೇಳಿದ್ದೇನೆ, ಬರೆದುಕೊಂಡರು.

ಐದನೇ ವಾರ ಕೈಕೆಲಸ. ಮೀಟರ್, ಬೆರಳು ಚುಚ್ಚುವ ಸೂಜಿ ಅಂದರೆ ಲ್ಯಾನ್ಸೆಟ್, ಇನ್ಸುಲಿನ್ ಪೆನ್ನು. ಇದೆಲ್ಲ ವೀಡಿಯೊ ನೋಡಿಯೂ ಕಲಿಯಬಹುದು. ಆದರೆ ಒಂದು ಮಾತು ನನಗೆ ದೊಡ್ಡ ಉಪಕಾರ ಮಾಡಿತು. ಬೆರಳಿನ ನಡು ತುದಿಗೆ ಚುಚ್ಚಬೇಡಿ, ಬದಿಗೆ ಚುಚ್ಚಿ. ನೋವೂ ಕಡಿಮೆ, ಬಟ್ಟೆ ಹಿಡಿಯುವ ಜಾಗವೂ ಹಾಗೇ ಉಳಿಯುತ್ತದೆ. ಅಲ್ಲಿಯವರೆಗೆ ನಾನು ನಡು ತುದಿಗೇ ಚುಚ್ಚಿಕೊಂಡು, ನವಿರು ಬಟ್ಟೆ ಮುಟ್ಟಿದರೆ ಗೊತ್ತಾಗದ ಹಾಗೆ ಮಾಡಿಕೊಂಡಿದ್ದೆ. ಚುಚ್ಚುವ ಮೊದಲು ಕೈ ತೊಳೆಯಬೇಕು. ಬೆರಳಲ್ಲಿ ಸಿಹಿ ಅಂಟಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಚುಚ್ಚುವ ಸಾಧನವನ್ನು ಮನೆಯವರ ಜೊತೆಗೂ ಹಂಚಿಕೊಳ್ಳಬಾರದು.

ಆರನೇ ವಾರ ಕಾಲು, ಕಣ್ಣು, ಕಿಡ್ನಿ. ಅವತ್ತು ಮನೆಯವರನ್ನೂ ಕರೆದುಕೊಂಡು ಬರಬಹುದಿತ್ತು. ನಾನು ಅಣ್ಣನ ಮಗಳು ಪುಟ್ಟಿಯನ್ನು ಕರೆದುಕೊಂಡು ಹೋದೆ. ಸಿಸ್ಟರ್ ಒಂದು ನೈಲಾನ್ ಎಳೆಯಿಂದ ಎಲ್ಲರ ಪಾದ ಮುಟ್ಟಿ ನೋಡಿದರು. ಎಳೆ ಬಾಗುವಷ್ಟೇ ಒತ್ತುತ್ತಾರೆ. ಕಣ್ಣು ಮುಚ್ಚಿಕೊಂಡು, ತಗುಲಿದಾಗ ಹೂಂ ಅನ್ನಬೇಕು. ನನ್ನ ಎಡಗಾಲಿನ ಹೆಬ್ಬೆರಳಿನ ಕೆಳಗೆ ಒಂದು ಕಡೆ ನಾನು ಹೂಂ ಅನ್ನಲಿಲ್ಲ. "ಅತ್ತೆ, ಈಗ ಮುಟ್ಟಿದ್ರು" ಅಂತ ಪುಟ್ಟಿ ಮೆಲ್ಲಗೆ ಹೇಳಿದಳು. ಅಂಗಡಿಯ ನೆಲದಲ್ಲಿ ಸೂಜಿ, ಗುಂಡುಪಿನ್ನು ಬಿದ್ದಿರುತ್ತವೆ. ನಾನು ಬರಿಗಾಲಲ್ಲಿ ಕೂರುವವಳು. ಅವತ್ತಿಂದ ಅಂಗಡಿಯೊಳಗೂ ಚಪ್ಪಲಿ ಹಾಕುತ್ತೇನೆ. ಮಲಗುವ ಮೊದಲು ಪಾದ ತಿರುಗಿಸಿ ನೋಡುತ್ತೇನೆ.

ಆಮೇಲೆ ಸಿಸ್ಟರ್ ಪುಟ್ಟಿಯನ್ನು ಮುಂದೆ ಕರೆದು, ಸಕ್ಕರೆ ಇಳಿದರೆ ಏನು ಮಾಡ್ತೀಯಾ ಅಂತ ಕೇಳಿದರು. ಅವಳು ಬ್ಯಾಗಿನಿಂದ ಗ್ಲೂಕೋಸ್ ಮಾತ್ರೆಯ ಕೊಳವೆ ತೆಗೆದು ಹೇಳಿದಳು. "70ಕ್ಕಿಂತ ಕಡಿಮೆ ಬಂದ್ರೆ 15 ಗ್ರಾಂ ತಿಂತೀನಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡ್ತೀನಿ. ಇನ್ನೂ ಕಡಿಮೆ ಇದ್ರೆ ಮತ್ತೆ 15 ಗ್ರಾಂ." ನಡುಗು, ಬೆವರು, ಸಿಟ್ಟು ಬಂದಾಗ ಮೊದಲು ಮೀಟರ್ ನೋಡಬೇಕು ಅಂತಲೂ ಹೇಳಿದಳು. ನಮ್ಮಷ್ಟು ವಯಸ್ಸಾದವರು ಪುಸ್ತಕ ತೆಗೆದು ಬರೆದುಕೊಂಡರು. ಅಲ್ಲಿಯವರೆಗೆ ಅವಳ ಮಾತನ್ನು ನಾನು ಇಷ್ಟು ಗಮನ ಇಟ್ಟು ಕೇಳಿರಲಿಲ್ಲ.

ಮನಸ್ಸಿನ ದಣಿವಿನ ಬಗ್ಗೆ ತರಗತಿಯಲ್ಲಿ ಏನೂ ಇರಲಿಲ್ಲ. ದಿನಾ ಲೆಕ್ಕ, ದಿನಾ ಚುಚ್ಚು, ರಜೆಯೇ ಇಲ್ಲ. ಅದಕ್ಕೂ ಅರ್ಧ ಗಂಟೆ ಇಡಬೇಕಿತ್ತು. ನನ್ನ ಲೆಕ್ಕ ಹೇಳುವುದಾದರೆ, ತರಗತಿ ಮುಗಿದ ಎರಡು ತಿಂಗಳಿಗೆ ಎಚ್‌ಬಿಎ1ಸಿ 7.1 ಬಂತು. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಪರೀಕ್ಷೆ ಅದು. ಹಾಗಾಗಿ ಒಂದು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ. ಸೊಂಟ 33. ಅಳತೆ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿದ್ದೇನೆ.

ಇಂಥ ತರಗತಿಗೆ ಸೇರುವವರಿಗೆ ಎರಡು ಮಾತು. ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ, ನಿಮ್ಮದು ಯಾವ ಬಗೆ ಅಂತ ಮೊದಲ ದಿನವೇ ಕೇಳಿ. ಮುಂದಿನ ಸಾಲಿನಲ್ಲಿ ಕೂರಿ. ಬೋರ್ಡಿನ ಅಕ್ಷರ ಸಣ್ಣದು, ಸಕ್ಕರೆ ಇಳಿಯುವವರೆಗೆ ಕಣ್ಣು ಸ್ವಲ್ಪ ಮಂಜಾಗಿಯೇ ಇರುತ್ತದೆ. ಹೊಸ ಕನ್ನಡಕವನ್ನು ಆಮೇಲೆ ಮಾಡಿಸಿ.